ಸೊಲ್ಲಿಗೆ ಬಿಟ್ಟ ಜಾಗ

ಮಳವಳ್ಳಿ
6-10-1974

ಅಕ್ಕನಿಗೆ ಮಾಯಿ ಮಾಡುವ ನಮಸ್ಕಾರ.

ಕಾಗದದ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಒಲೆಗೆ ಹಾಕಬೇಡ. ಓದಿಬಿಟ್ಟು ಹಾಕು, ಆಗ ನಾನು ಬೇಡ ಅನ್ನೋದಿಲ್ಲ. ಭಾವನ ಮಂಡಿ ನೋವು ಹೇಗಿದೆ? ನಿನ್ನ ಕೆಮ್ಮು ಹೇಗಿದೆ ಅಂತ ಕೇಳಿದರೆ ನಿನಗೆ ಸಿಟ್ಟು ಬರುತ್ತದೆ, ಆದರೂ ಕೇಳಿದ್ದೀನಿ. ಇಲ್ಲಿ ಸ್ಕೂಲು, ಬಾಡಿಗೆ ರೂಮು, ಮನೆ ಓನರಮ್ಮನ ಉಪದೇಶ, ಎಲ್ಲ ಇದ್ದ ಹಾಗೇ ಇದೆ.

ವಿಷಯ ಏನು ಅಂದರೆ, ನನ್ನ ಹಾಡಿನ ಪ್ಲೇಟು ಬರುತ್ತಂತೆ. ಗ್ರಾಮಫೋನ್ ಪ್ಲೇಟು ಕಣಕ್ಕ, ಮದುವೆ ಮನೆ ಮೈಕಿನಲ್ಲಿ ಹಾಕುತ್ತಾರಲ್ಲ, ಅದೇ. ಹೋದ ತಿಂಗಳು ಮಂಡ್ಯದ ಗಣಪತಿ ಪೆಂಡಾಲಿನಲ್ಲಿ ನಮ್ಮ ಸ್ಕೂಲಿನ ಹೆಣ್ಣುಮಕ್ಕಳಿಂದ ಹಾಡಿಸಿದೆ. ಮಾತು ನಾನು ಕಟ್ಟಿದ್ದು, ಧಾಟಿ ನಮ್ಮ ಸೋಬಾನೆಯದು. ಮಕ್ಕಳು ಮುಂದೆ ನಿಂತು ಸೊಲ್ಲು ಎತ್ತುತ್ತಿದ್ದರು, ನಾನು ಹಿಂದೆ ನಿಂತು ಅದನ್ನೇ ತಿರುಗಿಸಿ ಹೇಳುತ್ತಿದ್ದೆ. ಅಲ್ಲಿಗೆ ಸಂಪತ್ ಕುಮಾರ್ ಅಂತ ಒಬ್ಬರು ಬಂದಿದ್ದರು, ಅಲ್ಲೇ ಮಂಡ್ಯದ ಗುತ್ತಲಿನ ಅಯ್ಯಂಗಾರರು. ಅವರ ತಂದೆ ನಾಟಕದ ಕಂಪನಿಯಲ್ಲಿ ಕಾಲಲ್ಲಿ ತುಳಿಯೋ ಹಾರ್ಮೋನಿಯಂ ನುಡಿಸುತ್ತಿದ್ದರಂತೆ, ಇವರೂ ಅದನ್ನೇ ಇಟ್ಟುಕೊಂಡಿದ್ದಾರೆ. ಹಾಡು ಮುಗಿದ ಮೇಲೆ ಹತ್ತಿರ ಬಂದು, ಮಕ್ಕಳ ಹಿಂದಿನಿಂದ ಬರುತ್ತಿದ್ದ ಆ ದಪ್ಪ ಗಂಟಲು ಯಾರದು ಅಂತ ಕೇಳಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

ಬೆಂಗಳೂರಿನ ಸ್ವರಮಂದಾರ ಕಂಪನಿಯವರಿಗೆ ಹೊಸ ಗಾಯಕಿ ಬೇಕಂತೆ. ನಾಲ್ಕು ಹಾಡಿನ ಚಿಕ್ಕ ಪ್ಲೇಟು. ಸಂಪತ್ ಕುಮಾರ್ ಅವರ ಆಸೆ ಏನು ಅಂದರೆ, ಹಾಡಿನ ಮಾತು ಈಗಿನ ಹುಡುಗಿಯರದು, ಕೇಳಿದರೆ ತಲೆ ಎತ್ತಿ ನಡೆಯೋ ಹಾಗಿರಬೇಕು. ಸದ್ದು ಮಾತ್ರ ಅವರ ಅಪ್ಪನ ಕಾಲದ್ದು, ಹಾರ್ಮೋನಿಯಂ, ತಬಲ, ಕ್ಲಾರಿಯೋನೆಟ್. ಗಿಟಾರಿನ ಕಾಲದಲ್ಲಿ ಇದನ್ನು ಯಾರು ಕೇಳುತ್ತಾರೆ ಅಂತ ಕಂಪನಿಯವರು ಮೂಗು ಮುರಿದರಂತೆ. ಆಮೇಲೆ ಒಂದು ಸಲ ನೋಡೋಣ ಅಂದಿದ್ದಾರೆ. ಜನವರಿಯಲ್ಲಿ ಮದ್ರಾಸಿಗೆ ಹೋಗಿ ಹಾಡಬೇಕು.

ಈಗ ನನ್ನ ಕಷ್ಟ ಕೇಳು. ನಾನು ಯಾವತ್ತು ಸೊಲ್ಲೆತ್ತಿದ್ದೀನಿ? ಅವ್ವ ಎತ್ತುತ್ತಿದ್ದಳು, ನಾವಿಬ್ಬರೂ ತಿರುಗಿಸುತ್ತಿದ್ದೆವು. ಅವ್ವ ಹೋದ ಮೇಲೆ ನೀನು ಎತ್ತಿದೆ, ನಾನು ತಿರುಗಿಸಿದೆ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ನಾನು ಎತ್ತಿದ್ದು, ಹೋದ ವರ್ಷ ಮದ್ದೂರಲ್ಲಿ, ಸೋದರಮಾವನ ಮಗಳ ಮದುವೆ ಚಪ್ಪರದಲ್ಲಿ. ನಿನಗೆ ಕೆಮ್ಮು ಬಂತು, ಹಾಡು ನಿಂತಿತು. ಹಸೆ ಮೇಲೆ ಹೆಣ್ಣು ಕೂತಿದೆ, ಹಾಡು ನಿಲ್ಲಬಾರದು ಅಂತ ನಾನು ಎತ್ತಿಬಿಟ್ಟೆ. ಅಷ್ಟೂ ಹೆಂಗಸರು ನಿನ್ನ ಮುಖ ನೋಡಿದರು. ನೀನು ತಿರುಗಿಸಲಿಲ್ಲ, ಅದಕ್ಕೆ ಅವರೂ ತಿರುಗಿಸಲಿಲ್ಲ. ನನ್ನ ಸೊಲ್ಲು ಚಪ್ಪರದಲ್ಲಿ ಒಂಟಿಯಾಗಿ ನಿಂತಿತು. ನೀನು ಎದ್ದು ಹೋದೆ. ಅವತ್ತಿಂದ ನನ್ನ ಜೊತೆ ಹಾಡಿಲ್ಲ, ಮಾತೂ ಆಡಿಲ್ಲ.

ಬಾ ಅಕ್ಕ. ಮದ್ರಾಸಿಗೆ ನನ್ನ ಜೊತೆ ಬಾ. ನೀನು ಎತ್ತು, ನಾನು ಹಿಂದೆ ಇರುತ್ತೀನಿ. ಪ್ಲೇಟಿನ ಮೇಲೆ ನಿನ್ನ ಹೆಸರನ್ನೇ ಮೊದಲು ಹಾಕಲಿ. ಒಬ್ಬಳೇ ನಿಂತರೆ ನನ್ನ ಹಾಡು ಮುಂದಕ್ಕೆ ಹೋಗೋದಿಲ್ಲ, ನನಗೆ ಗೊತ್ತು.

ನಿನ್ನ ತಂಗಿ
ಮಾಯಮ್ಮ


ಚಿಕ್ಕರಸಿನಕೆರೆ
20-10-1974

ಮಾಯಮ್ಮ ಟೀಚರಮ್ಮನೋರಿಗೆ,

ಕಾಗ್ದ ಬಂತು. ಒಲೆಗೆ ಆಕ್ನಿಲ್ಲ, ಒಲೆ ಇನ್ನೂ ಅತ್ಕೊಂಡಿರ್ನಿಲ್ಲ. ನಿಮ್ ಭಾವನ ಮಂಡಿ ಅಂಗೇ ಅದೆ. ನನ್ ಕೆಮ್ಮು ಅದರ ಪಾಡ್ಗೆ ಅದದೆ, ಅದರ ಇಚಾರ ನಿಂಗ್ಯಾಕೆ.

ಮದ್ರಾಸಿಗೆ ನಾನು ಬರಾಕಿಲ್ಲ. ಕಬ್ಬು ಕಡಿಯಾಕೆ ಫ್ಯಾಕ್ಟ್ರಿಯಿಂದ ಯಾವಾಗ ಚೀಟಿ ಬತ್ತದೋ ಗೊತ್ತಿಲ್ಲ, ಎಮ್ಮೆ ಗಬ್ಬ ಆಗ್ಯದೆ, ಎಲ್ಲಾನೂ ಬುಟ್ಟು ನಿನ್ ಜತೇಲಿ ರೈಲತ್ತಿ ಬತ್ತೀನಾ? ಅದಿರ್ಲಿ. ಸೋಬಾನೆ ಧಾಟೀನ ಕಂಪ್ನಿಗೆ ಕೊಡಾಕೆ ಯಾರ್ನ ಕೇಳ್ದೆ ನೀನು? ಅವ್ವ ನಿಂಗೊಬ್ಳಿಗೇ ಏಳ್ಕೊಟ್ಟಿದ್ಲಾ? ಅಸೆ ಮೇಲೆ ಎಣ್ಣು ಕುಂತಿದ್ರೆ ಪದ ಏಳ್ಬೇಕು. ಓಟ್ಲಲ್ಲಿ ವಡೆ ತಿನ್ನೋರ ಮುಂದೆ ಏಳಾಕೆ ಅದೇನು ಸಿನಿಮಾದ್ದಾ?

ಮಾತು ಕಟ್ಟಿದ್ದೀನಿ ಅಂದ್ಯಲ್ಲ, ಅದೂ ನಮ್ಮೂರ್ಗೆ ಬಂದದೆ. ನಿನ್ ಇಸ್ಕೂಲ್ ಐಕ್ಳು ಯಾರೋ ಬಸ್ಸಲ್ಲಿ ಏಳ್ಕೊಂಡು ಬಂದ್ರು. "ಕನ್ನಡೀನ ಕೇಳೋದೇನು, ನಾನೇ ಚೆಂದುಳ್ಳಿ" ಅಂತೆ. ತನ್ನ ತಾನೇ ಚೆಂದುಳ್ಳಿ ಅನ್ಕೊಳಾದು ಯಾವ್ ಸೀಮೆ ಪದಾನಮ್ಮಿ? ಪದ ಇರಾದು ಇನ್ನೊಬ್ರನ್ನ ಒಗಳಾಕೆ. ಮದುವಣಗಿತ್ತೀನ ಒಗಳು, ಎತ್ತ ತಾಯೀನ ಒಗಳು, ದೇವ್ರನ್ನ ಒಗಳು. ತನ್ನ ತಾನೇ ಒಗಳ್ಕೊಂಡ್ರೆ ಅದಕ್ಕೆ ಯಾರು ಸೊಲ್ಲು ತಿರುಗುಸ್ತಾರೆ?

ಮದ್ದೂರಿನ ಮಾತು ಬರ್ದಿದ್ದೀಯ. ಅದ ನಾನು ಎತ್ತಾಕಿಲ್ಲ, ನೀನೂ ಎತ್ತಬ್ಯಾಡ. ಅವತ್ತು ಒಬ್ಳೇ ಎತ್ತಾಕೆ ಧೈರ್ಯ ಇತ್ತಲ್ಲ, ಈಗ್ಲೂ ಅದನ್ನೇ ಮಡ್ಲಿಗೆ ಕಟ್ಕೊಂಡು ಓಗು.

ಇಂತಿ
ಚಿಕ್ಕರಸಿನಕೆರೆ ದೇವಿರಮ್ಮ


ಮಳವಳ್ಳಿ
24-11-1974

ಅಕ್ಕನಿಗೆ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಚೆನ್ನಾಗಿ ಊಟ ಸೇರಿತು.

ಭಾನುವಾರ ಬಸ್ಸು ಹತ್ತಿ ಗುತ್ತಲಿಗೆ ಹೋಗಿ ಬರುತ್ತಿದ್ದೀನಿ. ಸಂಪತ್ ಕುಮಾರ್ ಅವರ ತಾಯಿ ರಂಗನಾಯಕಮ್ಮನವರು ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಾ ಕೇಳುತ್ತಾರೆ. ಮೊದಲ ದಿನ ನನಗೆ ಕಾಫಿ ಬೇರೆ ಲೋಟದಲ್ಲಿ ಕೊಟ್ಟರು. ಈಗ ನಾನು ಹಾಡು ನಿಲ್ಲಿಸಿದರೆ ಬೈಯೋವಷ್ಟು ಸಲಿಗೆ ಬಂದಿದೆ, ಲೋಟ ಮಾತ್ರ ಅದೇ. ಹಾರ್ಮೋನಿಯಂ ತುಳಿದಾಗೆಲ್ಲ ಹಳೇ ಬಾಗಿಲು ತೆಗೆದ ಹಾಗೆ ಕಿರ್ ಅನ್ನುತ್ತದೆ. ಅದಕ್ಕೆ ಎಣ್ಣೆ ಬಿಡಿ ಅಂತ ಕಂಪನಿಯವರು ಹೇಳಿದರೆ, ಆ ಸದ್ದೂ ಪ್ಲೇಟಲ್ಲಿ ಬರಬೇಕು ಅಂತ ಇವರ ಹಟ.

ನನ್ನ ಹೆಸರನ್ನು ಕುಮಾರಿ ಮಾಯಾ ಅಂತ ಮಾಡಿಬಿಟ್ಟಿದ್ದರು. ಮಾಯಮ್ಮ ಅಂದರೆ ಹಳ್ಳಿ ಹೆಸರಂತೆ, ಕೊಳ್ಳೋರು ಅಜ್ಜಿ ಅಂದುಕೊಳ್ಳುತ್ತಾರಂತೆ. ಅವರ ಎದುರಿಗೆ ಆಗಲಿ ಅಂತ ತಲೆ ಆಡಿಸಿದೆ. ಬಸ್ಸಿನಲ್ಲಿ ಬರುವಾಗ ಆ ಹೆಸರು ಇಟ್ಟ ಅವ್ವ ನೆನಪಾದಳು. ಮುಂದಿನ ವಾರ ಹೋಗಿ, ಹಾಕಿದರೆ ಮಾಯಮ್ಮ ಅಂತ ಹಾಕಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಒಪ್ಪಿಕೊಂಡರು. ಬಾಯಲ್ಲಿ ಅಷ್ಟು ಜೋರು ಇದೆ ನನಗೆ. ಹಾಡೋಕೆ ನಿಂತರೆ ಮಾತ್ರ ಒಂದು ಸೊಲ್ಲು ಆದ ಕೂಡಲೇ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಯಾರಾದರೂ ತಿರುಗಿಸಲಿ ಅಂತ ಕಾಯುತ್ತದೆ. ಮುಂದಕ್ಕೆ ಹೋಗಿ, ಹೋಗಿ ಅಂತ ಸಂಪತ್ ಕುಮಾರ್ ಕೈ ಬೀಸುತ್ತಾರೆ. ನನ್ನ ಕೈಲಿ ಆಗೋದಿಲ್ಲ.

ತನ್ನನ್ನು ತಾನೇ ಹೊಗಳಿಕೊಳ್ಳೋದು ಯಾವ ಸೀಮೆ ಪದ ಅಂದೆಯಲ್ಲ. ಹಸೆ ಮೇಲೆ ಕೂತ ಆ ಒಂದು ದಿನ ಬಿಟ್ಟರೆ ಹೆಣ್ಣಿಗೆ ಚೆಂದುಳ್ಳಿ ಅನ್ನೋರು ಯಾರಿದ್ದಾರೆ ಹೇಳು? ನನ್ನನ್ನು ನೋಡೋಕೆ ಬಂದವರೆಲ್ಲ ಕಪ್ಪು ಅಂದು ಎದ್ದು ಹೋದರು. ಅವರಿಗೆ ಉಪ್ಪಿಟ್ಟು ಮಾಡಿ ಹಾಕಿದವಳು ನೀನೇ. ಕಂಡೋರ ಮದುವೆಯಲ್ಲೆಲ್ಲ ನಾನು ಸೊಲ್ಲು ತಿರುಗಿಸಿದ್ದೀನಿ, ನನಗೆ ಯಾರೂ ಸೋಬಾನೆ ಹೇಳಲಿಲ್ಲ. ಅದಕ್ಕೆ ನಾನೇ ಹೇಳಿಕೊಂಡೆ.

ಬರೋದಿಲ್ಲ ಅಂದೆ, ಸರಿ. ಸಂಕ್ರಾಂತಿ ಕಳೆದ ಮೇಲೆ ಹೋಗುತ್ತೀನಿ. ಒಂದು ಮಾತು ಕೇಳಬೇಕು, ಎತ್ತಬೇಡ ಅಂದಿದ್ದೀಯ, ಆದರೂ ಕೇಳುತ್ತೀನಿ. ಅವತ್ತು ಮದ್ದೂರಲ್ಲಿ ನನ್ನ ಸೊಲ್ಲು ಕೆಟ್ಟದಾಗಿತ್ತಾ? ಇಲ್ಲ, ಎತ್ತಿದವಳು ನಾನು ಅನ್ನೋದು ಕೆಟ್ಟದಾಗಿತ್ತಾ?

ಮಾಯಮ್ಮ


ಗುತ್ತಲು, ಮಂಡ್ಯ
9-2-1975

ಶ್ರೀಮತಿ ದೇವಿರಮ್ಮನವರಿಗೆ ಸಂಪತ್ ಕುಮಾರನ ವಂದನೆಗಳು.

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ತಂಗಿಯವರ ಹಾಡಿಗೆ ಹಾರ್ಮೋನಿಯಂ ನುಡಿಸಿದವನು ನಾನು. ಅವರಿಗೆ ತಿಳಿಸದೆ ಈ ಪತ್ರ ಬರೆಯುತ್ತಿದ್ದೇನೆ. ತಿಳಿದರೆ ನನ್ನ ಗ್ರಹಚಾರ ಬಿಡಿಸುತ್ತಾರೆ.

ಮದ್ರಾಸಿನಲ್ಲಿ ನಡೆದದ್ದನ್ನು ಹೇಳಬೇಕು. ಗಾಜಿನ ಕೋಣೆಯ ಒಳಗೆ ಮಾಯಮ್ಮನವರು ಮತ್ತು ನಾವು ವಾದ್ಯದವರು, ಹೊರಗೆ ಟೇಪು ನಡೆಸುವವರು. ಮೊದಲ ಸೊಲ್ಲು ಬಹಳ ಚೆನ್ನಾಗಿ ಬಂತು. ಬಂದು ನಿಂತುಹೋಯಿತು. ಮಾತು ಮರೆತಿರಬೇಕೆಂದು ಅವರು ಟೇಪು ನಿಲ್ಲಿಸಿದರು. ಮತ್ತೆ ಹಾಡಿಸಿದರು, ಮತ್ತೆ ಹಾಗೇ ಆಯಿತು. ಒಂದು ಸೊಲ್ಲು ಹಾಡುವುದು, ತುಟಿ ಮುಚ್ಚಿ ಬಾಗಿಲ ಕಡೆ ನೋಡುವುದು. ಟೇಪಿನವರು ತಮಿಳಿನಲ್ಲಿ ಏನೇನೋ ಅಂದರು. ಅದು ನಿಮ್ಮ ತಂಗಿಯವರಿಗೆ ಅರ್ಥವಾಗದೆ ಇದ್ದದ್ದೇ ಒಳ್ಳೆಯದಾಯಿತು.

ಕೊನೆಗೆ ಕಂಪನಿಯ ಮ್ಯಾನೇಜರು ಕೋರಸ್ ಹಾಡುವ ಇಬ್ಬರು ಹುಡುಗಿಯರನ್ನು ಕರೆಸಿದರು. ಅವರು ಶ್ರುತಿ ತಪ್ಪದೆ ಹೇಳಿದರು, ಆದರೆ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ಮಾಯಮ್ಮನವರು ಕೈಮುಗಿದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕುಳಿತು ಅತ್ತರು. ಇನ್ನು ಮುಗಿಯಿತು, ಊರಿಗೆ ಹೊರಡುವುದೇ ಸರಿ ಎಂದುಕೊಂಡೆ. ಅಷ್ಟರಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದವರು ಹೇಳಿದ್ದಿಷ್ಟು: "ಟೇಪು ನಿಲ್ಲಿಸಬೇಡಿ. ನಾನು ನಿಂತಾಗ ನಿಲ್ಲುತ್ತೀನಿ. ಆ ಜಾಗದಲ್ಲಿ ಯಾರೂ ಹಾಡೋದು ಬೇಡ." ನಾನು ಹಾರ್ಮೋನಿಯಂ ತುಳಿಯುತ್ತಾ ಹೋದೆ. ನಾಲ್ಕು ಹಾಡೂ ಹಾಗೆಯೇ ಆದವು. ಸೊಲ್ಲು, ಆಮೇಲೆ ಬರಿಯ ಶ್ರುತಿ, ಮತ್ತೆ ಸೊಲ್ಲು. ನಮ್ಮ ತಂದೆ ಇದ್ದಿದ್ದರೆ ಮೆಚ್ಚುತ್ತಿದ್ದರು.

ಮ್ಯಾನೇಜರು ಮೆಚ್ಚಲಿಲ್ಲ. ತೂತು ಬಿದ್ದ ಪ್ಲೇಟನ್ನು ಯಾರು ಕೊಳ್ಳುತ್ತಾರೆ ಎನ್ನುತ್ತಾರೆ. ಹೆಸರಾದ ಗಾಯಕಿಯೊಬ್ಬರನ್ನು ಕರೆಸಿ ಆ ಜಾಗಗಳನ್ನು ತುಂಬಿಸಿ, ಪ್ಲೇಟಿನ ಮೇಲೆ ಆಕೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುವುದು ಅವರ ಯೋಚನೆ. ನಿಮ್ಮ ತಂಗಿಯವರ ಹೆಸರು ಕೆಳಗೆ ಎಲ್ಲೋ ಇರುತ್ತದೆ. ನಾನು ಬಹಳ ಹೇಳಿದ ಮೇಲೆ ಒಂದಕ್ಕೆ ಒಪ್ಪಿದ್ದಾರೆ. ಅಕ್ಕನೇ ಬಂದು ತುಂಬುವುದಾದರೆ, ಅಕ್ಕ-ತಂಗಿ ಎಂದು ಹಾಕಿ ಮಾರಬಹುದಂತೆ.

ಮಾದರಿಗೆಂದು ಮಾಡಿದ ಪ್ಲೇಟು ಒಂದನ್ನು ನಿಮ್ಮ ಊರಿನ ಬಸ್ಸಿನ ಕಂಡಕ್ಟರ್ ಮರಿಯಯ್ಯನವರ ಕೈಲಿ ಕಳಿಸಿದ್ದೇನೆ. ದಯವಿಟ್ಟು ಕೇಳಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದದ್ದನ್ನು ಮಾಡಿ.

ನಿಮ್ಮ ವಿಶ್ವಾಸಿ
ಸಂಪತ್ ಕುಮಾರ


ಚಿಕ್ಕರಸಿನಕೆರೆ
18-2-1975

ಐನೋರಿಗೆ ದೇವಿರಮ್ಮ ಮಾಡೋ ನಮಸ್ಕಾರ.

ಪ್ಲೇಟು ಬಂತು. ಮರಿಯಯ್ಯ ಸೀಟಿನ ಕೆಳಗೆ ಮಡುಗ್ದೆ, ಮಡ್ಲಲ್ಲೇ ಮಡಿಕ್ಕೊಂಡು ಬಂದಿದ್ದ, ಒಡ್ದಿಲ್ಲ. ಕೇಳಾಕೆ ನಮ್ಮಟ್ಟೀಲಿ ಪೆಟ್ಟಿಗೆ ಇಲ್ಲ, ಇದ್ರೂ ಕೇಳಾಕಿಲ್ಲ. ಮದ್ರಾಸಿಗೆ ಬರಾಕೂ ಇಲ್ಲ.

ಒಂದ್ ಮಾತು ತಿಳುಸಿ. ಅವ್ಳು ಮೆಟ್ಲ ಮೇಲೆ ಕುಂತು ಅತ್ತಿದ್ದು ದಿಟವಾ? ಅತ್ತ ಮೇಲೆ ಊಟ ಮಾಡುದ್ಲಾ?

ದೇವಿರಮ್ಮ


ಮಳವಳ್ಳಿ
23-3-1975

ಅಕ್ಕನಿಗೆ,

ಸಂಪತ್ ಕುಮಾರ್ ನಿನಗೆ ಕಾಗದ ಬರೆದದ್ದು ನನಗೆ ಈಗ ಗೊತ್ತಾಯಿತು. ರಂಗನಾಯಕಮ್ಮನವರು ಬಾಯಿ ಬಿಟ್ಟರು. ಅವರ ಮಗನ ಮೇಲೆ ರೇಗಾಡಿ ಬಂದಿದ್ದೀನಿ. ಊಟ ಮಾಡಿದಳಾ ಅಂತ ನೀನು ಕೇಳಿದ್ದನ್ನೂ ಹೇಳಿದರು. ಮಾಡಿದೆ. ಎಲೆ ತುಂಬ ಅನ್ನ ಹಾಕಿದ್ದರು, ಎಲ್ಲ ತಿಂದೆ.

ಅಲ್ಲಿ ಏನಾಯಿತು ಅಂತ ಅವರು ಬರೆದಿರೋದು ಅವರ ಕಣ್ಣಿಗೆ ಕಂಡಿದ್ದು. ನನ್ನ ಒಳಗೆ ಆಗಿದ್ದು ಬೇರೆ. ಸೊಲ್ಲು ಆದ ಮೇಲೆ ಆ ಗಾಜಿನ ರೂಮಿನಲ್ಲಿ ತಿರುಗಿಸೋ ದನಿ ಒಂದೂ ಇರಲಿಲ್ಲ. ಒಂದೊಂದು ಸಲ ನಿಂತಾಗಲೂ ನನಗೆ ಮದ್ದೂರಿನ ಚಪ್ಪರವೇ ಕಣ್ಣಿಗೆ ಕಟ್ಟುತ್ತಿತ್ತು. ನೀನು ತುಟಿ ಬಿಗಿ ಮಾಡಿಕೊಂಡು ಕೂತಿದ್ದೆಯಲ್ಲ, ಅದು. ಅತ್ತೆ. ಅಳು ಮುಗಿದ ಮೇಲೆ ಅನ್ನಿಸಿತು, ಬಾಡಿಗೆಗೆ ತಂದ ಹುಡುಗಿಯರು ತಿರುಗಿಸೋದಕ್ಕಿಂತ ನೀನು ತಿರುಗಿಸದೆ ಇರೋದೇ ವಾಸಿ ಅಂತ. ಅದಕ್ಕೆ ಜಾಗ ಹಾಗೇ ಬಿಟ್ಟೆ.

ಈಗ ಕಂಪನಿಯವರು ಬಿಡುತ್ತಿಲ್ಲ. ಯುಗಾದಿ ಕಳೆದು ಆ ತಿಂಗಳ ಕೊನೆಗೆ ಮ್ಯಾನೇಜರು ಮಂಡ್ಯಕ್ಕೆ ಬರುತ್ತಾರೆ. ಅವತ್ತು ನಾನು ಒಂದು ಮಾತು ಹೇಳಬೇಕು. ಒಂದೋ ಅಕ್ಕ ಬರುತ್ತಾಳೆ ಅನ್ನಬೇಕು, ಇಲ್ಲ ಆ ಹೆಸರಾದ ಗಾಯಕಿಗೆ ನನ್ನ ಹಾಡು ಬಿಟ್ಟುಕೊಡಬೇಕು. ಆಕೆ ಮುಂದೆ, ನಾನು ಹಿಂದೆ. ಹಿಂದೆ ಇರೋದು ನನಗೆ ಹೊಸದಲ್ಲ, ಆದರೆ ಇವು ನನ್ನ ಹಾಡು ಅಕ್ಕ. ಸಾಲು ಸಾಲೂ ನನ್ನದು.

ಬರುತ್ತೀಯಾ? ಇದು ಕೊನೇ ಸಲ ಕೇಳೋದು. ಇಲ್ಲ ಅಂದರೆ ಇಲ್ಲ ಅಂತ ಒಂದು ಕಾರ್ಡು ಹಾಕು. ಸುಮ್ಮನೆ ಮಾತ್ರ ಇರಬೇಡ. ನಿನ್ನ ಬೈಗುಳ ತಡೆದುಕೊಳ್ಳುತ್ತೀನಿ, ನೀನು ಸುಮ್ಮನಿರೋದನ್ನು ತಡೆಯೋಕೆ ಆಗೋದಿಲ್ಲ.

ಮಾಯಿ


ಮಳವಳ್ಳಿ
24-4-1975

ಅಕ್ಕ,

ನಿನ್ನ ಕಾರ್ಡು ಬರಲಿಲ್ಲ. ದಿನಾ ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲು ಕೇಳಿದರೆ ಪಾಠ ನಿಲ್ಲಿಸಿ ಕಿಟಕಿಗೆ ಹೋಗುತ್ತಿದ್ದೆ. ನಿನ್ನೆ ಮ್ಯಾನೇಜರು ಗುತ್ತಲಿಗೆ ಬಂದರು.

ನಾನು ಹೇಳಿದೆ, ನಮ್ಮಕ್ಕ ಬರೋದಿಲ್ಲ, ಆ ಗಾಯಕಿಯೂ ಬೇಡ, ಜಾಗ ಹಾಗೇ ಇರಲಿ. ಹಾಗೇ ಬಂದರೆ ಬರಲಿ, ಇಲ್ಲದಿದ್ದರೆ ಪ್ಲೇಟೇ ಬೇಡ. ಸಂಪತ್ ಕುಮಾರ್ ಅವರ ಮುಖ ಬಿಳುಚಿಕೊಂಡಿತು. ಮ್ಯಾನೇಜರು ನಕ್ಕರು. ಈ ಮದುವೆ ಕಾಲ ಮುಗಿಯೋದರೊಳಗೆ ಯಾವುದಾದರೂ ಊರಿನ ಒಬ್ಬನೇ ಒಬ್ಬ ಮೈಕ್ ಸೆಟ್ಟಿನವನು ಈ ಪ್ಲೇಟು ಬೇಕು ಅಂತ ಇಲ್ಲಿಗೆ ಕೇಳಿಕೊಂಡು ಬರಲಿ, ಅಚ್ಚು ಹಾಕಿಸುತ್ತೀನಿ, ಬರದಿದ್ದರೆ ಟೇಪು ಅಳಿಸಿ ಬೇರೆಯವರ ಹಾಡು ತುಂಬಿಸುತ್ತೀನಿ ಅಂದರು. ಆಗಲಿ ಅಂದೆ. ಯಾರೂ ಕೇಳೋದಿಲ್ಲ ಅಂತ ನನಗೂ ಗೊತ್ತು.

ಬಸ್ಸಿನಲ್ಲಿ ಬರುವಾಗ ಪ್ಲೇಟು ಹೋಯಿತು ಅಂದುಕೊಂಡೆ. ಆದರೂ ಹಗುರ ಆಯಿತು ಅಕ್ಕ. ಇನ್ನು ನಿನ್ನನ್ನು ಬಾ ಅಂತ ಕರೆಯೋದಿಲ್ಲ.

ಮಾಯಮ್ಮ


ಚಿಕ್ಕರಸಿನಕೆರೆ
28-4-1975

ಮಾಯೀ,

ಇದ್ನ ಮೊನ್ನೆ ಬರ್ಯಾಕೆ ಕುಂತೆ, ಎಮ್ಮೆ ಅಗ್ಗ ಬಿಚ್ಕೊಂಡು ಕೆಂಪಯ್ಯನ ಗದ್ದೆಗೆ ನುಗ್ತು. ಇವತ್ತು ಮುಗುಸ್ತೀನಿ. ಏಳಾದು ವಸಿ ಅದೆ, ನೀನು ನಡುವೆ ಬಾಯಾಕಬ್ಯಾಡ.

ಪ್ಲೇಟ ನಾನು ಟ್ರಂಕಲ್ಲಿ ಅವ್ವನ ಸೀರೆ ಒಳಗೆ ಮಡುಗಿದ್ದೆ. ಕೇಳ್ಬಾರ್ದು ಅಂತ್ಲೇ ಇದ್ದೆ. ಬರ್ತೀಯಾ ಅಂತ ನೀನು ಬರ್ದ ಮೇಲೆ ಇಲ್ಲ ಅಂತ ಬರ್ಯಾಕೆ ಕಾರ್ಡು ತಂದೆ, ಬರೀನಿಲ್ಲ. ಊ ಅಂತ್ಲೂ ಬರೀನಿಲ್ಲ. ಓದ್ ವಾರ ಕೆಂಪಯ್ಯನ ಮಗಳ ಮದ್ವೆಗೆ ಚಪ್ರ ಆಕುದ್ರು. ಮೈಕ್ ಸೆಟ್ಟಿನ ಚಿಕ್ಕಬೋರಯ್ಯ ಬಂದು ಉಣಸೆ ಮರಕ್ಕೆ ಮೈಕಿನ ಆರ್ನು ಕಟ್ತಿದ್ದ. ಏನಾರಾ ಆಗ್ಲಿ ಅಂತ ಪ್ಲೇಟ ಸೆರಗಲ್ಲಿ ಸುತ್ಕೊಂಡು ಓಗಿ, ಲೇ ಚಿಕ್ಕಬೋರ, ಇದ್ನ ಮೆತ್ತಗೆ ಆಕ್ಲಾ, ನಾನೊಬ್ಳೇ ಕೇಳ್ಬೇಕು ಅಂದೆ. ಆ ಮುಂಡೇದು ಆರ್ನಿಗೆ ಆಗ್ಲೇ ವೈರು ಸಿಗಿಸ್ಬುಟ್ಟಿದ್ದ. ಮುಳ್ಳು ಮಡುಗುದ್ನೋ ಇಲ್ವೋ, ನೀನು ಊರಿಗೆಲ್ಲ ಕೇಳೋ ಅಂಗೆ ಸುರು ಅಚ್ಕೊಂಡೆ.

"ನನ್ನ ಕಾಲು ನನ್ನ ದಾರಿ ನಾನೇ ನಡಿತೀನಿ" ಅಂದೆ. ಅಂದ್ಬುಟ್ಟು ನಿಂತ್ಕೊಂಡೆ. ಆರ್ಮೋನಿ ಕಿರ್ ಅಂತಾ ಅದೆ, ಬ್ಯಾರೆ ಏನೂ ಇಲ್ಲ.

ಚಪ್ರದ ಕೆಳಗೆ ಅಕ್ಕಿ ಕೇರ್ತಿದ್ದ ಎಂಗಸ್ರೆಲ್ಲ ಮೊರ ಕೆಳಗಿಟ್ರು. ಎಲ್ರೂ ನನ್ ಮಕ ನೋಡುದ್ರು. ಮದ್ದೂರಲ್ಲಿ ನೋಡುದ್ರಲ್ಲ, ಅಂಗೇ. ನಾನು ಬಾಯಿ ಬುಡ್ನಿಲ್ಲ. ನೀನು ಎಷ್ಟೊತ್ತು ನಿಲ್ಬೇಕೋ ಅಷ್ಟೊತ್ತು ನಿಂತು ಮುಂದಿನ್ ಸೊಲ್ಲು ಎತ್ತುದ್ದೆ. "ಮುಳ್ಳು ಬಂದ್ರೆ ಕಿತ್ತು ಬದುಗೆ ಎಸೆದು ನಡಿತೀನಿ." ಗಂಟ್ಲು ನಡುಗ್ನಿಲ್ಲ, ಅತ್ತಂಗೂ ಕೇಳುಸ್ನಿಲ್ಲ. ತಿರ್ಗ ನಿಂತೆ. ತಿರ್ಗ ಎತ್ತುದ್ದೆ. ಅಷ್ಟೊತ್ಗೆ ನಂಗೆ ಗೊತ್ತಾಗೋಯ್ತು, ನಾನು ತಿರುಗುಸುದ್ರೂ ಇವ್ಳು ಎತ್ತಾಳೆ, ತಿರುಗುಸ್ದೆ ಓದ್ರೂ ಎತ್ತಾಳೆ ಅಂತ. ಆಗ ಬಾಯಿ ಬುಟ್ಟೆ.

ನಾನು ಬಾಯಿ ಬುಡಾದೇ ಕಾಯ್ತಿದ್ರೇನೋ, ಎಲ್ರೂ ಸುರು ಅಚ್ಕೊಂಡ್ರು. ಕನ್ನಡಿ ಪದ ಬಂದಾಗ ಏನಾಯ್ತು ಅಂತ ಏಳ್ತೀನಿ ಕೇಳು. ನಮ್ ಅಂಕಮ್ಮತ್ತೆ ಗೊತ್ತಲ್ಲ, ಬಾಯಲ್ಲಿ ಒಂದಲ್ಲಿಲ್ಲ, ಗಂಡ ಸತ್ತ ಮೇಲೆ ಚಪ್ರದ ಒಳೀಕೇ ಬರ್ದೆ ಈಚೆ ಜಗಲಿ ಮೇಲೆ ಕುಂತ್ಕೊತಾಳಲ್ಲ, ಅವ್ಳು. ಕುಂತಲ್ಲಿಂದ್ಲೇ ಎಲ್ರಿಗಿಂತ ಜೋರಾಗಿ "ನಾನೇ ಚೆಂದುಳ್ಳಿ" ಅಂದ್ಳು. ಎಲ್ರೂ ಬಿದ್ದು ಬಿದ್ದು ನಗಾಡುದ್ರು, ಅವ್ಳೂ ನಕ್ಳು. ಆಮೇಲೆ ಕಣ್ಣೊರುಸ್ಕೊಂಡ್ಳು. ತನ್ನ ತಾನೇ ಒಗಳ್ಕೊಂಡ್ರೆ ಯಾರು ಸೊಲ್ಲು ತಿರುಗುಸ್ತಾರೆ ಅಂದಿದ್ನಲ್ಲ, ಎಲ್ರೂ ತಿರುಗುಸುದ್ರು. ಮದುವಣಗಿತ್ತಿ ಎಣ್ಣೆ ಅಚ್ಕೊಂಡಿದ್ದ ಕೈಯಲ್ಲೇ ಈಚೆಗೆ ಬಂದು, ಇನ್ನೊಂದ್ ದಪ ಆಕ್ಸು ದೊಡ್ಡವ್ವ ಅಂದ್ಳು. ಪ್ಲೇಟು ಸವೆಯೋ ಗಂಟ ಆಕ್ಸುದ್ರು.

ನೀನು ಒಂದ್ ಮಾತು ಕೇಳಿದ್ದೆ. ಮದ್ದೂರಲ್ಲಿ ನಿನ್ ಸೊಲ್ಲು ಕೆಟ್ಟದಾಗಿತ್ತಾ ಅಂತ. ಇಲ್ಲ ಕಣಮ್ಮಿ. ಚೆಂದಾಗಿತ್ತು. ಅದ್ಕೇ ತಿರುಗುಸ್ನಿಲ್ಲ.

ಈಗ ಕೆಮ್ಮು ಎದೇಲೇ ಮನೆ ಮಾಡ್ಕೊಂಡದೆ. ಸೊಲ್ಲು ಎತ್ತಾಕೆ ನನ್ ಗಂಟ್ಲಲ್ಲಿ ಇನ್ನು ಆಗಾಕಿಲ್ಲ. ಮದ್ದೂರಲ್ಲೇ ನಂಗೆ ಗೊತ್ತಾಗಿತ್ತು. ತಿರುಗುಸಾಕೆ ಆಯ್ತದೆ, ಕೆಂಪಯ್ಯನ ಚಪ್ರದಲ್ಲಿ ತಿಳ್ಕೊಂಡೆ.

ಮದ್ರಾಸಿಗೆ ಮಾತ್ರ ನಾನು ಬರಾಕಿಲ್ಲ. ಆ ಜಾಗ ಯಾರೂ ತುಂಬ್ಬಾರ್ದು, ನಾನೂ ತುಂಬ್ಬಾರ್ದು. ನಾನೇ ಓಗಿ ಅದರೊಳಗೆ ಕುಂತ್ಬುಟ್ರೆ ಅಂಕಮ್ಮತ್ತೆ ಎಲ್ಲಿ ಕುಂತ್ಕೊತಾಳೆ? ಇದ್ನ ಮ್ಯಾನೇಜರ್ಗೆ ಇಂಗೇ ಏಳು ಅಂತ ಬರ್ಯಾದ್ರಲ್ಲಿದ್ದೆ.

ಬರ್ದು ಅಂಟುಸೋ ಒತ್ಗೆ ನಿನ್ ಕಾಗ್ದ ಬಂತು. ನನ್ ಮಾತು ಕಾಯ್ದೆ ನೀನೇ ಏಳ್ಬುಟ್ಟಿದ್ದೀಯ. ಒಳ್ಳೇದ್ ಮಾಡ್ದೆ. ಸಿಟ್ಟು ಬಂತು ನಂಗೆ, ಆದ್ರೂ ಒಳ್ಳೇದ್ ಮಾಡ್ದೆ.

ಟೇಪು ಅಳಿಸ್ತಾನಾ ಅವ್ನು? ಚಿಕ್ಕಬೋರಯ್ಯನ್ನ ಈ ಬಾನ್ವಾರ ಮರಿಯಯ್ಯನ ಬಸ್ಸಿಗೆ ಅತ್ತುಸ್ತಾ ಇದ್ದೀನಿ, ನೆಟ್ಗೆ ಗುತ್ತಲಿಗೆ ಬತ್ತಾನೆ. ಇರೋ ಒಂದ್ ಪ್ಲೇಟು ಸವೆಸ್ಬುಟ್ಟವ್ನೆ, ಅವ್ನಿಗೆ ಬ್ಯಾರೇದು ಬೇಕಂತೆ. ಮುಂದಿನ್ ಮದ್ವೆಯೋರು ಅದಿಲ್ದಿದ್ರೆ ನಿನ್ ಸೆಟ್ಟೇ ಬ್ಯಾಡ ಅಂದವ್ರಂತೆ. ಮದ್ದೂರಿನ ಸೆಟ್ಟಿನೋರು ಇಬ್ರು ಕೇಳ್ಕೊಂಡು ಬಂದಿದ್ರು, ಅವ್ರನ್ನೂ ಜತೇಲಿ ಕರ್ಕೊಂಡು ಬತ್ತಾನೆ. ಮ್ಯಾನೇಜರು ಒಬ್ಬನ್ನ ಕೇಳಿದ್ನಲ್ಲ, ಮೂರು ಜನ ಬತ್ತಾವ್ರೆ ಅಂತ ಐನೋರಿಗೆ ಏಳು. ರಂಗನಾಯಕಮ್ಮೋರಿಗೆ ವಸಿ ಲೋಟ ಜಾಸ್ತಿ ತೊಳ್ದು ಮಡುಗಾಕೆ ಏಳು.

ಬರೋ ವಾರ ವೈದ್ಯನಾಥಪುರದಲ್ಲಿ ಮದ್ವೆ ಅದೆ. ನನ್ನ ಕರ್ದವ್ರೆ. ಪದ ಏಳಾಕೆ ನನ್ ತಂಗಿ ಬತ್ತಾಳೆ, ನಾನು ಅವ್ಳ ಜತೇಲಿ ಬತ್ತೀನಿ ಅಂದಿದ್ದೀನಿ. ಮಳವಳ್ಳಿಯಿಂದ ಮೊದಲ್ನೇ ಬಸ್ಸಿಗೆ ಬಾ. ಚಪ್ರದಲ್ಲಿ ನೀನು ಮುಂದೆ ಕುಂತ್ಕೋ.

ನಿನ್ನಿಂದೆ ಕುಂತು ಸೊಲ್ಲು ತಿರುಗುಸೋ
ಅಕ್ಕ